ಗೃಹಸ್ಥನ ಉಳಿತಾಯವೂ ಸಹಸಂಬಂಧವಿಚಾರವೂ

'ಯೋಗಕ್ಷೇಮ' ಎಂಬ ಪದವನ್ನು ನಾವು ಬಂಧುಮಿತ್ರರಿಗೆ ಬರೆಯುವ ಕಾಗದಗಳಲ್ಲಿ ದಿನವೂ ಉಪಯೋಗಿಸುತ್ತಿರುವೆವಾದರೂ, ಅದು ಎರಡು ಪದಗಳು ಕೂಡಿ ಆದುದೆಂಬುದನ್ನು ಮರೆತುಬಿಡುತ್ತೇವೆ. ಇಲ್ಲದುದನ್ನು ಸಂಪಾದಿಸುವುದು ಯೋಗ. ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ನಮ್ಮ ಹಿರಿಯರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದುದಕ್ಕೆ ಕಾರಣವಿರಬೇಕು. ಯೋಗಕ್ಕಾಗಿ ಹಗಲಿರುಳೂ ದುಡಿಯುವ ಗೃಹಸ್ಥನು ಕ್ಷೇಮದ ವಿಷಯದಲ್ಲಿ ಮಾತ್ರ ಅರ್ಧ ಗಳಿಗೆಯಾದರೂ ಕುಳಿತು ಯೋಚಿಸುವುದು ಅಪೂರ್ವ. ಈ ಲೇಖನದಲ್ಲಿ ಕ್ಷೇಮದ ಒಂದು ಭಾಗವನ್ನು, ಎಂದರೆ ಉಳಿಸಿದ ಹಣವನ್ನು ಹಲವು ಕಡೆಗೆ ಹಂಚುವಾಗ ನೋಡತಕ್ಕ ಒಂದು ಮುಖ್ಯ ಸಂಗತಿಯನ್ನು ವಾಚಕರ ಮುಂದಿಡಲು ಉದ್ದೇಶಿಸಿದ್ದೇವೆ.

ನಾವು ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಿನಲ್ಲಿ ಬಹುಕಾಲ ಪಾಠ ಹೇಳಿ ಈಗ ವಿಶ್ರಾಂತಿ ಪಡೆದಿರುವವರು. ನಮ್ಮ ಬಳಿ ಓದಿದ ಹುಡುಗರು ಇಂದು ಸಂಸಾರಸ್ಥರಾಗಿದ್ದಾರೆ. ಹಿಂದೆ ಷೇರು ಕೊಳ್ಳಬೇಕಾದರೆ ದಲ್ಲಾಳಿಯನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿದ್ದಿತು. 1963ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಷೇರುಪೇಟೆಯು 2014ರಲ್ಲಿ ತನ್ನ ಕಾರ್ಯವನ್ನು ಮುಗಿಸಿತು. ಈಗ ಹಳ್ಳಿಯ ಜಗಲಿಯ ಮೇಲೆ ಕುಳಿತವನು ಕೈಯಲ್ಲಿರುವ ಫೋನಿನಿಂದಲೇ ಮುಂಬಯಿಯ ಪೇಟೆಯಲ್ಲಿ ಷೇರು ಕೊಳ್ಳುತ್ತಾನೆ. ಹೀಗೆ ಕೊಂಡವರಲ್ಲಿ ಅನೇಕರು ನಮ್ಮೊಡನೆ ಮಾತನಾಡುತ್ತ, "ಹನ್ನೆರಡು ಕಂಪೆನಿಗಳಲ್ಲಿ ಹಂಚಿ ಹಾಕಿದ್ದೇನೆ; ಒಂದು ಹೋದರೆ ಇನ್ನೊಂದು ಉಳಿಯುತ್ತದೆ; ಭಯವಿಲ್ಲ" ಎನ್ನುತ್ತಾರೆ. ಈ ಮಾತು ಕೇಳಲು ಹಿತವಾಗಿದೆ. ಆದರೆ ಪೂರ್ಣವಾಗಿ ಸತ್ಯವಲ್ಲ. ಹನ್ನೆರಡು ಎಂಬ ಸಂಖ್ಯೆಯಲ್ಲಿ ರಕ್ಷಣೆಯಿಲ್ಲ. ಆ ಹನ್ನೆರಡೂ ಒಂದಕ್ಕೊಂದು ಯಾವ ಸಂಬಂಧದಲ್ಲಿವೆ ಎಂಬುದರಲ್ಲಿ ರಕ್ಷಣೆಯಿದೆ.

ಈ ತತ್ತ್ವವು ನಮ್ಮ ಸೀಮೆಗೆ ಹೊಸದಲ್ಲ. ಮಳೆಯನ್ನೇ ನಂಬಿದ ಹೊಲಗಳಲ್ಲಿ ನಮ್ಮ ರೈತರು 'ಅಕ್ಕಡಿ ಸಾಲು' ಇಡುವ ಪದ್ಧತಿಯನ್ನು ವಾಚಕರು ಬಲ್ಲರು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳ ಸಾಲುಗಳನ್ನು ಬಿತ್ತುತ್ತಾರೆ. ಇವೆಲ್ಲ ಒಂದೇ ಹೊಲದಲ್ಲಿದ್ದರೂ ಒಂದೇ ಸ್ವಭಾವದವಲ್ಲ. ಒಂದರ ಬೇರು ಮೇಲೆ ಹರಡಿದರೆ ಇನ್ನೊಂದರದು ಆಳಕ್ಕೆ ಇಳಿಯುತ್ತದೆ. ಒಂದು ಬೇಗ ಕೊಯ್ಲಿಗೆ ಬಂದರೆ ಇನ್ನೊಂದು ಹಿಂಗಾರನ್ನೂ ಮಂಜನ್ನೂ ನೆಚ್ಚಿಕೊಂಡಿರುತ್ತದೆ. ಒಂದಕ್ಕೆ ತಗುಲುವ ಹುಳು ಇನ್ನೊಂದನ್ನು ಮುಟ್ಟದು. ರಾಗಿ ಕೈಕೊಟ್ಟ ವರ್ಷ ತೊಗರಿಯಾದರೂ ಮನೆಗೆ ಬರುತ್ತದೆ. ಇದಕ್ಕೆ ಬದಲಾಗಿ ಒಂದೇ ರಾಗಿಯನ್ನು ಹನ್ನೆರಡು ಹೊಲಗಳಲ್ಲಿ ಬಿತ್ತಿದವನನ್ನು ಯಾರೂ ಜಾಣನೆನ್ನುವುದಿಲ್ಲ. ಮಳೆ ಹೋದರೆ ಅವನ ಹನ್ನೆರಡು ಹೊಲವೂ ಒಟ್ಟಿಗೆ ಹೋಗುತ್ತದೆ.

ಇನ್ನು ನೀರಾವರಿಯ ಸೀಮೆಯನ್ನು ನೋಡೋಣ. ಕನ್ನಂಬಾಡಿಯ ಕಟ್ಟೆಯ ಕೆಲಸವು 1911ರಲ್ಲಿ ಮೊದಲಾಗಿ ಸುಮಾರು ಇಪ್ಪತ್ತು ವರ್ಷಗಳಲ್ಲಿ ಪೂರ್ತಿಯಾಯಿತು. ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯು ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲನ್ನು ಗದ್ದೆಯನ್ನಾಗಿ ಮಾಡಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಈ ನೀರಿನಿಂದ ನಮ್ಮವರಿಗೆ ಆದ ಉಪಕಾರ ಎಷ್ಟೆಂದು ಹೇಳತೀರದು. ಆದರೆ ಅದರೊಡನೆ ಒಂದು ಸಂಗತಿ ಯಾರ ಗಮನಕ್ಕೂ ಬಾರದಂತೆ ಬೆಳೆಯಿತು: ಒಂದೊಂದು ಮನೆಯ ಎಲ್ಲ ವರಮಾನಗಳೂ ಒಂದೇ ನಾಲೆಗೆ ಕಟ್ಟಲ್ಪಟ್ಟವು.

ದೃಷ್ಟಾಂತಕ್ಕಾಗಿ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳೋಣ. ಅವನಿಗೆ ಮದ್ದೂರಿನ ಹತ್ತಿರ ನಾಲ್ಕು ಎಕರೆ ಕಬ್ಬಿನ ಗದ್ದೆ. ಒಂದು ಆಲೆಮನೆಯಲ್ಲಿ ಅರ್ಧ ಪಾಲು. ಪೇಟೆಯಲ್ಲಿ ಗೊಬ್ಬರದ ಅಂಗಡಿ. ನೆರೆಯವರಿಗೆ ಕೊಟ್ಟ ಕೈಸಾಲ. ಊರಿನವರೇ ಸೇರಿ ನಡೆಸುವ ಚೀಟಿ. ಮಂಡ್ಯದಲ್ಲಿ ಒಂದು ನಿವೇಶನ. ಎಣಿಸಿದರೆ ಆರು ಆಸ್ತಿ. ಇವನು ತನ್ನ ಹಣವನ್ನು ಚೆನ್ನಾಗಿ ಹಂಚಿರುವನೆಂದು ಯಾರಾದರೂ ಹೇಳಿಯಾರು. ಈಗ ನಾಲೆಯಲ್ಲಿ ನೀರು ಬಾರದ ಒಂದು ವರ್ಷವನ್ನು ಕಲ್ಪಿಸಿರಿ. ಕಬ್ಬು ಒಣಗುತ್ತದೆ, ಅರೆಯಲು ಕಬ್ಬಿಲ್ಲದೆ ಆಲೆಮನೆಯ ಗಾಣ ನಿಲ್ಲುತ್ತದೆ, ನಾಟಿಯಿಲ್ಲದುದರಿಂದ ಗೊಬ್ಬರ ಕೊಳ್ಳುವವರಿಲ್ಲ, ಸಾಲ ಪಡೆದ ನೆರೆಯವನೂ ಕಬ್ಬಿನವನೇ ಆದುದರಿಂದ ಬಡ್ಡಿಯೂ ಬರುವುದಿಲ್ಲ, ಚೀಟಿಯ ಸದಸ್ಯರು ಕಂತನ್ನು ತಪ್ಪಿಸುತ್ತಾರೆ, ನಿವೇಶನವನ್ನು ಮಾರಲು ಹೋದರೆ ಊರಿನಲ್ಲಿ ಎಲ್ಲರೂ ಮಾರುವವರು, ಕೊಳ್ಳುವವರಿಲ್ಲ. ಹೆಸರಿಗೆ ಆರು, ವಾಸ್ತವವಾಗಿ ಒಂದೇ.

ಇದು ಕೇವಲ ಊಹೆಯಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರವು ಘೋಷಿಸಿತು. ನಮ್ಮ ಜಿಲ್ಲೆಯ ತಾಲ್ಲೂಕುಗಳೂ ಅದರಲ್ಲಿದ್ದವು. ಮತ್ತೊಂದು ವಿಷಯ: ನೀರಿದ್ದ ಮಾತ್ರಕ್ಕೆ ಅಪಾಯ ತಪ್ಪಿತೆಂದಲ್ಲ. 2015ರಲ್ಲಿ ಸಕ್ಕರೆಯ ಬೆಲೆ ಕುಸಿದು, ಕಬ್ಬಿನ ಬಾಕಿ ಹಣ ಬಾರದೆ, ಸಾಲದಲ್ಲಿ ಮುಳುಗಿದ ರೈತರು ನಮ್ಮ ಜಿಲ್ಲೆಯಲ್ಲಿ ಪ್ರಾಣವನ್ನೇ ಕಳೆದುಕೊಂಡರು. ಅಂದು ಕಟ್ಟಿದ ಹಗ್ಗವು ನೀರಲ್ಲ, ಬೆಲೆ. ಒಬ್ಬ ಮನುಷ್ಯನ ಸಕಲವೂ ಒಂದೇ ಹಗ್ಗಕ್ಕೆ ಕಟ್ಟಿದ್ದಾಗ ಆ ಹಗ್ಗ ತುಂಡಾದರೆ ಏನಾಗುವುದೆಂಬುದನ್ನು ನಾವು ಪುಸ್ತಕದಲ್ಲಿ ಓದಬೇಕಾಗಿಲ್ಲ.

ಎರಡು ವಸ್ತುಗಳು ಹೀಗೆ ಎಷ್ಟರಮಟ್ಟಿಗೆ ಒಂದೇ ಹಗ್ಗಕ್ಕೆ ಕಟ್ಟಲ್ಪಟ್ಟಿವೆ ಎಂಬುದನ್ನು ಅಳೆಯುವ ಮಾನಕ್ಕೆ 'ಸಹಸಂಬಂಧ' ಎಂದು ಹೆಸರು. ಇಂಗ್ಲಿಷಿನವರು ಇದನ್ನು ಕೋರಿಲೇಷನ್ ಎನ್ನುತ್ತಾರೆ. ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ ವ್ಯತಿರೇಕಗಳೆಂಬ ವಿಚಾರವುಂಟಷ್ಟೆ: ಇದು ಇದ್ದಲ್ಲಿ ಅದು ಇರುವುದು ಅನ್ವಯ; ಇದು ಇಲ್ಲದಲ್ಲಿ ಅದೂ ಇಲ್ಲದಿರುವುದು ವ್ಯತಿರೇಕ. ಶಾಸ್ತ್ರವು 'ಉಂಟು' ಅಥವಾ 'ಇಲ್ಲ' ಎಂದು ನಿರ್ಣಯಿಸಿದರೆ, ಗಣಿತವು 'ಎಷ್ಟು' ಎಂದು ಕೇಳಿತು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು 1888ರಲ್ಲಿ ಈ ಪ್ರಶ್ನೆಯನ್ನು ಎತ್ತಿದನು. 1896ರಲ್ಲಿ ಕಾರ್ಲ್ ಪಿಯರ್ಸನ್ ಅದಕ್ಕೆ ಇಂದಿಗೂ ಬಳಕೆಯಲ್ಲಿರುವ ಸೂತ್ರವನ್ನು ಕೊಟ್ಟನು. ಸೂತ್ರದಿಂದ ಬರುವ ಸಂಖ್ಯೆಯು ಎಂದಿಗೂ ಒಂದಕ್ಕಿಂತ ಹೆಚ್ಚಾಗದು, ಋಣ ಒಂದಕ್ಕಿಂತ ಕಡಿಮೆಯಾಗದು. ಒಂದು ಎಂದು ಬಂದರೆ ಎರಡೂ ಜೋಡೆತ್ತುಗಳಂತೆ ಒಟ್ಟಿಗೇ ನಡೆಯುತ್ತವೆ. ಸೊನ್ನೆ ಬಂದರೆ ಒಂದರ ನಡಿಗೆಯಿಂದ ಇನ್ನೊಂದರ ನಡಿಗೆಯನ್ನು ಅನುಮಾನಿಸಲಾಗದು. ಋಣ ಒಂದು ಬಂದರೆ ಏತದ ಎರಡು ತುದಿಗಳಂತೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ.

ಲೆಕ್ಕವನ್ನು ಕಂಡು ಹೆದರಬೇಕಾಗಿಲ್ಲ. ಐದನೆಯ ತರಗತಿಯ ಹುಡುಗನೂ ಮಾಡಬಹುದಾದ ಒಂದು ಕಲ್ಪಿತ ಉದಾಹರಣೆಯನ್ನು ಕೊಡುತ್ತೇವೆ. ಕ, ಖ, ಗ, ಘ ಎಂಬ ನಾಲ್ಕು ಷೇರುಗಳಿವೆಯೆಂದು ಭಾವಿಸಿರಿ. ನೂರು ರೂಪಾಯಿಗೆ ನಾಲ್ಕು ವರ್ಷಗಳಲ್ಲಿ ಕ್ರಮವಾಗಿ ಬಂದ ಲಾಭ ಹೀಗಿದೆ. ಕ: 20, 0, 20, 0. ಖ: 20, 0, 20, 0. ಗ: 20, 20, 0, 0. ಘ: 0, 20, 0, 20. ನಾಲ್ಕಕ್ಕೂ ವರ್ಷದ ಸರಾಸರಿ ಲಾಭ 10 ರೂಪಾಯಿಯೇ. ನಾಲ್ಕರ ಏರಿಳಿತವೂ ಒಂದೇ ಅಳತೆಯದು. ಒಂದೊಂದನ್ನೇ ಪ್ರತ್ಯೇಕವಾಗಿ ನೋಡುವವನಿಗೆ ಇವುಗಳಲ್ಲಿ ಭೇದವೇ ಕಾಣಿಸದು. ಈಗ ಹಣವನ್ನು ಅರ್ಧರ್ಧವಾಗಿ ಹಂಚಿ ನೋಡಿರಿ. ಕ ಮತ್ತು ಖ ಸೇರಿದರೆ ಬರುವುದು 20, 0, 20, 0. ಹಂಚಿದುದರಿಂದ ಏನೂ ಪ್ರಯೋಜನವಾಗಲಿಲ್ಲ. ಕ ಮತ್ತು ಗ ಸೇರಿದರೆ 20, 10, 10, 0, ಏರಿಳಿತ ತಗ್ಗಿತು. ಕ ಮತ್ತು ಘ ಸೇರಿದರೆ 10, 10, 10, 10, ಏರಿಳಿತವೇ ಅಡಗಿಹೋಯಿತು. ಮೂರು ಬಗೆಗಳಲ್ಲಿಯೂ ಸರಾಸರಿ ಲಾಭ 10ರಿಂದ ಒಂದು ಕಾಸೂ ಕಡಿಮೆಯಾಗಲಿಲ್ಲವೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು.

ಸಹಸಂಬಂಧವನ್ನು ಕಂಡುಹಿಡಿಯುವ ಕ್ರಮವೂ ಸುಲಭವೇ. ಪ್ರತಿವರ್ಷದ ಲಾಭವು ಸರಾಸರಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಬರೆದುಕೊಳ್ಳಿರಿ. ಕ ಷೇರಿಗೆ +10, -10, +10, -10. ಗ ಷೇರಿಗೆ +10, +10, -10, -10. ಆಯಾ ವರ್ಷದ ಎರಡು ಸಂಖ್ಯೆಗಳನ್ನು ಗುಣಿಸಿದರೆ +100, -100, -100, +100; ಕೂಡಿದರೆ ಸೊನ್ನೆ. ಆದುದರಿಂದ ಕ ಮತ್ತು ಗಗಳ ಸಹಸಂಬಂಧ ಸೊನ್ನೆ. ಕ ಮತ್ತು ಖಗಳನ್ನು ಹೀಗೆಯೇ ಗುಣಿಸಿ ಕೂಡಿದರೆ 400. ನಾಲ್ಕು ವರ್ಷಗಳಿಂದ ಭಾಗಿಸಿದರೆ 100. ಎರಡರ ಏರಿಳಿತದ ಅಳತೆಗಳಾದ 10 ಮತ್ತು 10ರ ಗುಣಲಬ್ಧದಿಂದ ಪುನಃ ಭಾಗಿಸಿದರೆ 1. ಕ ಮತ್ತು ಘಗಳಿಗೆ ಋಣ 1. ಸೂತ್ರವೆಂದರೆ ಇಷ್ಟೇ.

ಈ ಮಾನವನ್ನು ಹಣ ಹೂಡುವ ಕಾರ್ಯಕ್ಕೆ ಶಾಸ್ತ್ರೀಯವಾಗಿ ಅನ್ವಯಿಸಿದವರು ಅಮೆರಿಕದ ಹ್ಯಾರಿ ಮಾರ್ಕೊವಿಟ್ಜ್. 1952ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಒಂದು ಷೇರಿನ ಅಪಾಯವನ್ನು ಅದೊಂದನ್ನೇ ನೋಡಿ ನಿರ್ಣಯಿಸಬಾರದು, ಉಳಿದ ಷೇರುಗಳೊಡನೆ ಅದು ಹೇಗೆ ನಡೆದುಕೊಳ್ಳುತ್ತದೆಂಬುದನ್ನು ನೋಡಬೇಕೆಂದು ತೋರಿಸಿದರು. ಇದಕ್ಕಾಗಿ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ಅವರಿಗೂ ಇನ್ನಿಬ್ಬರಿಗೂ ದೊರೆಯಿತು. 2023ರಲ್ಲಿ ಅವರು ಕಾಲವಾದರು. ಅವರ ಲೆಕ್ಕದ ಪ್ರಕಾರ, 20ರ ಅಳತೆಯ ಏರಿಳಿತವುಳ್ಳ ಎರಡು ಷೇರುಗಳಲ್ಲಿ ಅರ್ಧರ್ಧ ಹಾಕಿದರೆ, ಸಹಸಂಬಂಧವು 1 ಆದಾಗ ಒಟ್ಟಿನ ಏರಿಳಿತ 20, 0.8 ಆದಾಗ ಸುಮಾರು 19, 0.5 ಆದಾಗ 17.3, ಸೊನ್ನೆಯಾದಾಗ 14.1. ಎಂದರೆ ಸಹಸಂಬಂಧವು ಒಂದಕ್ಕೆ ಹತ್ತಿರವಿರುವವರೆಗೆ ಹಂಚಿಕೆಯ ಫಲ ಬಲು ಸ್ವಲ್ಪ.

ಹಾಗಾದರೆ ಷೇರುಗಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋದರೆ ಅಪಾಯವು ತೀರ ಇಲ್ಲದಂತಾಗುವುದೋ ಎಂದು ಕೇಳಬಹುದು. ಇಲ್ಲ. 30ರ ಅಳತೆಯ ಏರಿಳಿತವುಳ್ಳ ಷೇರುಗಳು ಒಂದಕ್ಕೊಂದು 0.3ರ ಸಹಸಂಬಂಧದಲ್ಲಿವೆಯೆಂದು ಇಟ್ಟುಕೊಳ್ಳೋಣ. ಒಂದೇ ಷೇರಿದ್ದರೆ ಏರಿಳಿತ 30. ಹತ್ತು ಇದ್ದರೆ 18.2ಕ್ಕೆ ಇಳಿಯುತ್ತದೆ. ಇಪ್ಪತ್ತು ಇದ್ದರೆ 17.4; ಐವತ್ತು ಇದ್ದರೆ 16.8. ಎಷ್ಟೇ ಸೇರಿಸಿದರೂ 16.4ರಿಂದ ಕೆಳಕ್ಕೆ ಇಳಿಯದು. ಮೊದಲ ಹತ್ತು ಷೇರುಗಳಿಂದ ದೊಡ್ಡ ಲಾಭ. ಅಲ್ಲಿಂದ ಮುಂದಕ್ಕೆ ಶ್ರಮ ಹೆಚ್ಚು, ಫಲ ಕಡಿಮೆ. ಉಳಿದ ಆ 16.4 ಎಂಬುದು ಎಲ್ಲ ಷೇರುಗಳಿಗೂ ಸಾಮಾನ್ಯವಾದ, ಇಡೀ ಪೇಟೆಯ ಅಪಾಯ. ಅದನ್ನು ತಗ್ಗಿಸಬೇಕಾದರೆ ಇನ್ನಷ್ಟು ಷೇರು ಕೊಂಡು ಪ್ರಯೋಜನವಿಲ್ಲ. ಷೇರಲ್ಲದ ಬೇರೊಂದು ಜಾತಿಯ ಆಸ್ತಿಯನ್ನು ಸೇರಿಸಬೇಕು.

ಈಗ ನಿಜವಾದ ಷೇರುಗಳ ಕಡೆಗೆ ಬರೋಣ. ನಮ್ಮ ಕಡೆಯ ಮನೆಮನೆಗಳ ಮಕ್ಕಳೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಕೆಲಸ ಮಾಡುತ್ತಿರುವುದರಿಂದ, ಇನ್ಫೋಸಿಸ್, ವಿಪ್ರೋ, ಟಿಸಿಎಸ್ ಎಂಬ ಹೆಸರುಗಳು ಎಲ್ಲರಿಗೂ ಪರಿಚಿತ. ಪರಿಚಯವೇ ವಿಶ್ವಾಸವಾಗಿ, ಈ ಮೂರರ ಷೇರನ್ನೂ ಕೊಂಡು ಮೂರು ಕಡೆ ಹಂಚಿದೆವೆಂದು ತಿಳಿಯುವವರು ಅನೇಕರು. ಆದರೆ ಮೂವರ ದೊಡ್ಡ ಗಿರಾಕಿಗಳೂ ಅಮೆರಿಕ, ಯೂರೋಪುಗಳಲ್ಲಿದ್ದಾರೆ. ಮೂವರಿಗೂ ಹಣ ಬಹುಮಟ್ಟಿಗೆ ಡಾಲರಿನಲ್ಲಿ ಬರುತ್ತದೆ. ಅಲ್ಲಿಯ ಬ್ಯಾಂಕುಗಳು ಖರ್ಚನ್ನು ಹಿಡಿದರೆ ಮೂವರಿಗೂ ಕೆಲಸ ತಗ್ಗುತ್ತದೆ. ಇವು ಮೂರು ಹೊಲ, ಒಂದೇ ಬೆಳೆ. 2022ರಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಆ ವರ್ಷ ನಿಫ್ಟಿ ಸೂಚಿಯು ಒಟ್ಟಿನಲ್ಲಿ ಶೇಕಡಾ ನಾಲ್ಕರಷ್ಟು ಏರಿದರೂ, ಸಾಫ್ಟ್‌ವೇರ್ ಕಂಪೆನಿಗಳ ಸೂಚಿಯು ಸುಮಾರು ಕಾಲುಭಾಗ ಇಳಿಯಿತು. ಬ್ಯಾಂಕುಗಳ ಷೇರುಗಳ ವಿಷಯವೂ ಹೀಗೆಯೇ. ಬಡ್ಡಿಯ ದರವೂ ಸಾಲದ ವಸೂಲಿಯೂ ಎಲ್ಲ ಬ್ಯಾಂಕುಗಳನ್ನೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಐದು ಮ್ಯೂಚುಯಲ್ ಫಂಡುಗಳಲ್ಲಿ ಹಣ ಹಾಕಿದವರು ಆ ಐದರ ಪಟ್ಟಿಗಳನ್ನೂ ತೆಗೆದು ನೋಡಲಿ. ಮೊದಲ ಹತ್ತು ಹೆಸರುಗಳು ಬಹಳಮಟ್ಟಿಗೆ ಅವೇ ಆಗಿರುವುದನ್ನು ಕಂಡು ಆಶ್ಚರ್ಯಪಟ್ಟಾರು.

ಇದಕ್ಕಿಂತಲೂ ದೊಡ್ಡ ಅಪಾಯವೊಂದುಂಟು. ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸದಲ್ಲಿರುವ ಮಗನು ಅದೇ ಕಂಪೆನಿಯ ಷೇರನ್ನು ಇಟ್ಟುಕೊಂಡು, ಅಂತಹವರೇ ವಾಸಿಸುವ ಬಡಾವಣೆಯಲ್ಲಿ ಸಾಲ ಮಾಡಿ ಮನೆಯನ್ನು ಕೊಂಡರೆ, ಅವನ ಸಂಬಳ, ಉಳಿತಾಯ, ಮನೆಯ ಬೆಲೆ ಈ ಮೂರೂ ಒಂದೇ ಹಗ್ಗಕ್ಕೆ ಕಟ್ಟಿದಂತಾಯಿತು. ಕೆಲಸ ಹೋದ ದಿನವೇ ಷೇರಿನ ಬೆಲೆಯೂ ಇಳಿದಿರುತ್ತದೆ; ಮನೆಯ ಕಂತು ಮಾತ್ರ ನಿಲ್ಲುವುದಿಲ್ಲ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪೆನಿಯ ಲೆಕ್ಕಗಳು ಸುಳ್ಳೆಂದು ಅದರ ಅಧ್ಯಕ್ಷನೇ ಒಪ್ಪಿಕೊಂಡಾಗ ಒಂದೇ ದಿನದಲ್ಲಿ ಷೇರಿನ ಬೆಲೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕರಗಿಹೋಯಿತು. ಅಂದು ಅಲ್ಲಿ ಕೆಲಸದಲ್ಲಿದ್ದು ಅದರ ಷೇರನ್ನೇ ಇಟ್ಟುಕೊಂಡಿದ್ದವನ ಪಾಡನ್ನು ಊಹಿಸಿಕೊಳ್ಳಿರಿ.

ಒಂದು ಊರಿಗೇ ಹೀಗಾದುದಕ್ಕೆ ಕೋಲಾರದ ಚಿನ್ನದ ಗಣಿಗಳೇ ಸಾಕ್ಷಿ. ನಮ್ಮ ಮಳವಳ್ಳಿಯ ಸೀಮೆಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ತೊಂಬತ್ತು ಮೈಲಿಗಿಂತ ಹೆಚ್ಚು ದೂರದ ಆ ಗಣಿಗಳಿಗೆ ಹರಿಯಿತು. ಅಲ್ಲಿ ಸಂಬಳ, ಮನೆ, ಅಂಗಡಿ, ಆಸ್ಪತ್ರೆ ಎಲ್ಲವೂ ಗಣಿಯ ಆಶ್ರಯದಲ್ಲಿದ್ದವು. 2001ರಲ್ಲಿ ಗಣಿಯನ್ನು ಮುಚ್ಚಿದಾಗ ಕೆಲಸಗಾರನ ಸಂಬಳದೊಡನೆ ವ್ಯಾಪಾರಿಯ ಗಿರಾಕಿಯೂ ಹೋದನು. ಚಿನ್ನದ ಮೇಲೆ ಕುಳಿತಿದ್ದ ಊರೇ ಹಾಗಾದ ಮೇಲೆ ಉಳಿದವರ ಮಾತೇನು?

ಆದರೆ ಸಹಸಂಬಂಧದ ಸಂಖ್ಯೆಯನ್ನು ವೇದವಾಕ್ಯವೆಂದು ನಂಬತಕ್ಕದ್ದಲ್ಲ. ಇಲ್ಲಿ ಎರಡು ಎಚ್ಚರಿಕೆಗಳು ಆವಶ್ಯಕ. ಮೊದಲನೆಯದು ಕಾಕತಾಳೀಯ. ಕಾಗೆ ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಹೊತ್ತು ಒಂದೇ ಆದರೂ ಸಂಬಂಧವಿಲ್ಲ. ವರ್ಷವರ್ಷಕ್ಕೂ ಏರುತ್ತಲೇ ಹೋಗುವ ಯಾವ ಎರಡು ಸಂಖ್ಯೆಗಳನ್ನು ತೆಗೆದುಕೊಂಡರೂ ಅವುಗಳಲ್ಲಿ ಗಾಢವಾದ ಸಂಬಂಧವಿರುವಂತೆ ಲೆಕ್ಕಕ್ಕೆ ತೋರುತ್ತದೆ. ಕಾಲಕ್ರಮದ ಸಂಖ್ಯೆಗಳಿಂದ ಹುಟ್ಟುವ ಈ ಭ್ರಮೆಯನ್ನು ಉಡ್ನಿ ಯೂಲ್ ಎಂಬ ಬ್ರಿಟಿಷ್ ಪಂಡಿತನು 1926ರಲ್ಲಿಯೇ ಬಯಲಿಗೆಳೆದಿದ್ದನು. ಆದುದರಿಂದ ಷೇರುಗಳ ಬೆಲೆಗಳನ್ನೇ ಹೋಲಿಸಬಾರದು. ತಿಂಗಳಿನಿಂದ ತಿಂಗಳಿಗೆ ಬೆಲೆಯು ಶೇಕಡಾ ಎಷ್ಟು ಬದಲಾಯಿತೆಂಬುದನ್ನು ಹೋಲಿಸಬೇಕು. ಐದಾರು ತಿಂಗಳ ಲೆಕ್ಕ ಸಾಲದು. ಐದು ವರ್ಷಗಳ, ಎಂದರೆ ಅರುವತ್ತು ತಿಂಗಳ ಲೆಕ್ಕವಾದರೂ ಬೇಕು. ಅದಾದ ಮೇಲೂ, ಈ ಸಂಬಂಧಕ್ಕೆ ಕಾರಣವೇನೆಂದು ಕೇಳಿಕೊಳ್ಳಬೇಕು. ಕಾರಣ ಕಾಣದ ಸಂಖ್ಯೆಯನ್ನು ನೆಚ್ಚುವುದು ಕಾಗೆಯನ್ನು ನೆಚ್ಚಿದಂತೆ.

ಎರಡನೆಯದು ಇನ್ನೂ ಗುರುತರವಾದುದು. ಶಾಂತಿಯ ಕಾಲದ ಸಹಸಂಬಂಧ ಬೇರೆ, ಭೀತಿಯ ಕಾಲದ ಸಹಸಂಬಂಧ ಬೇರೆ. 2008ರ ಜನವರಿಯಲ್ಲಿ 21 ಸಾವಿರವನ್ನು ದಾಟಿದ್ದ ಸೆನ್ಸೆಕ್ಸ್ ಸೂಚಿಯು ಅದೇ ಅಕ್ಟೋಬರಿನಲ್ಲಿ 9 ಸಾವಿರಕ್ಕಿಂತ ಕೆಳಗಿಳಿಯಿತು. 2020ರ ಮಾರ್ಚ್ 23ರಂದು ಕೊರೋನಾ ವ್ಯಾಧಿಯ ಭೀತಿಯಿಂದ ಒಂದೇ ದಿನ 3,935 ಅಂಶಗಳು, ಎಂದರೆ ಸುಮಾರು ಶೇಕಡಾ 13 ಕುಸಿಯಿತು. ಅಂತಹ ದಿನಗಳಲ್ಲಿ ಔಷಧದ ಕಂಪೆನಿ, ಸಿಮೆಂಟಿನ ಕಂಪೆನಿ, ಸಾಬೂನಿನ ಕಂಪೆನಿ ಎಂಬ ಭೇದವಿಲ್ಲದೆ ಜನರು ಸಿಕ್ಕಿದುದನ್ನೆಲ್ಲ ಮಾರುತ್ತಾರೆ, ಹಿಂದೆ 0.3 ಇದ್ದ ಸಂಖ್ಯೆಯು ಒಂದರ ಕಡೆಗೆ ಓಡುತ್ತದೆ. ಅಮೆರಿಕದಲ್ಲಿ 1994ರಲ್ಲಿ ಹುಟ್ಟಿದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆಯಲ್ಲಿ ಇಬ್ಬರು ನೊಬೆಲ್ ಪುರಸ್ಕೃತರೇ ಪಾಲುಗಾರರಾಗಿದ್ದರು. ಹಳೆಯ ಸಂಬಂಧಗಳು ಮುಂದೆಯೂ ಹಾಗೆಯೇ ಇರುವುವೆಂದು ನಂಬಿ ಅಪಾರವಾದ ಸಾಲ ಮಾಡಿ ಹೂಡಿದ ಆ ಸಂಸ್ಥೆಯು, 1998ರಲ್ಲಿ ರಷ್ಯಾ ದೇಶವು ತನ್ನ ಸಾಲವನ್ನು ತೀರಿಸಲಾರದೆ ಹೋದಾಗ ನೆಲಕಚ್ಚಿತು. ದೊಡ್ಡ ದೊಡ್ಡ ಬ್ಯಾಂಕುಗಳು ಕೂಡಿ ಅದನ್ನು ಎತ್ತಬೇಕಾಯಿತು. ಹಳೆಯ ಲೆಕ್ಕವನ್ನು ನೋಡಬೇಕು; ಅದರ ಮೇಲೆ ಸಾಲ ಮಾಡಬಾರದು.

ಷೇರಲ್ಲದ ಆಸ್ತಿಗಳಲ್ಲಿ ನಮ್ಮವರಿಗೆ ಬಲು ಪ್ರಿಯವಾದುದು ಬಂಗಾರ. 2008ರಲ್ಲಿ ಷೇರುಗಳು ಕುಸಿದಾಗ ರೂಪಾಯಿಯ ಲೆಕ್ಕದಲ್ಲಿ ಬಂಗಾರದ ಬೆಲೆ ಏರಿತು. ಆದುದರಿಂದ ಸ್ವಲ್ಪ ಬಂಗಾರವಿರುವುದು ಯುಕ್ತವೇ. ಆದರೆ 2020ರ ಮಾರ್ಚಿಯಲ್ಲಿ ಕೆಲವು ದಿನಗಳ ಮಟ್ಟಿಗೆ ಅದೂ ಷೇರುಗಳೊಡನೆ ಇಳಿಯಿತೆಂಬುದನ್ನು ಮರೆಯಬಾರದು. ಹೆಂಡತಿಯ ಕೊರಳಿನ ಒಡವೆಯನ್ನು ಹೂಡಿದ ಹಣವೆಂದು ಎಣಿಸುವುದೂ ಸರಿಯಲ್ಲ. ಮಾರಲು ಮನಸ್ಸು ಬಾರದ ವಸ್ತುವು ಕಷ್ಟಕಾಲದಲ್ಲಿ ಅರ್ಧ ಮಾತ್ರ ನಮ್ಮದು.

ಬ್ಯಾಂಕಿನ ಠೇವಣಿಯ ಬೆಲೆಯು ಪೇಟೆಯೊಡನೆ ಏರಿಳಿಯದು. ಆದರೆ ಅದನ್ನೂ ಒಂದೇ ಕಡೆ ಗುಡ್ಡೆಹಾಕಬಾರದು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧವನ್ನು ವಿಧಿಸಿದಾಗ ಠೇವಣಿದಾರರು ಮೊದಲಿಗೆ 35 ಸಾವಿರ ರೂಪಾಯಿಗಿಂತ ಹೆಚ್ಚಾಗಿ ತೆಗೆಯುವಂತಿರಲಿಲ್ಲ. ಜೀವಮಾನದ ಉಳಿತಾಯವನ್ನು ಅಲ್ಲಿಟ್ಟಿದ್ದ ವೃದ್ಧರು ಸಾಲುಗಟ್ಟಿ ನಿಂತುದನ್ನು ಪತ್ರಿಕೆಗಳಲ್ಲಿ ಎಲ್ಲರೂ ಕಂಡರು. 2020ರ ಫೆಬ್ರವರಿಯಿಂದ ಠೇವಣಿಯ ವಿಮೆಯು ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಗಳವರೆಗೆ ಏರಿದೆ. ಅದಕ್ಕಿಂತ ಹೆಚ್ಚಾದುದನ್ನು ಬೇರೆ ಬ್ಯಾಂಕಿನಲ್ಲಿಡುವುದು ಖರ್ಚಿಲ್ಲದ ರಕ್ಷಣೆ.

ಭೂಮಿಯನ್ನೇ ನಂಬಿದವರು ತಮ್ಮ ಬೆಳೆಗಳಲ್ಲಿಯೂ ಈ ವಿಚಾರವನ್ನು ಮಾಡಬಹುದು. ಕಬ್ಬು ಮತ್ತು ಬೆಲ್ಲ ಒಂದೇ ಹಗ್ಗ. ಮಳವಳ್ಳಿ, ಮದ್ದೂರುಗಳ ರೇಷ್ಮೆಗೂಡಿನ ಬೆಲೆಯನ್ನು ಆಳುವ ಶಕ್ತಿಯೇ ಬೇರೆ. 2011ರಲ್ಲಿ ಕಚ್ಚಾ ರೇಷ್ಮೆಯ ಆಮದಿನ ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿಯಿತು, ಅದಕ್ಕೂ ಸಕ್ಕರೆಗೂ ನಂಟಿರಲಿಲ್ಲ. ಗೆಜ್ಜಲಗೆರೆಯ ಒಕ್ಕೂಟಕ್ಕೆ ಹಾಕುವ ಹಾಲಿನ ಹಣವು ಸಕ್ಕರೆಯ ಬೆಲೆಯನ್ನು ಕಾಯದೆ ಬರುತ್ತದೆ. ಮದ್ದೂರಿನ ಎಳನೀರಿನ ಪೇಟೆಗೆ ಬಿಸಿಲೇ ಗಿರಾಕಿಯನ್ನು ತರುತ್ತದೆ. ಬೆಲೆಯ ವಿಷಯದಲ್ಲಿ ಇವು ಬೇರೆಬೇರೆ ಹಗ್ಗಗಳು. ಆದರೆ ಘೋರವಾದ ಬರದಲ್ಲಿ ಹಿಪ್ಪುನೇರಳೆಗೂ ಮೇವಿಗೂ ತೆಂಗಿಗೂ ನೀರೇ ಬೇಕು. ಆದುದರಿಂದಲೇ ನಾಲೆಯ ಕೆಳಗೆ ಭೂಮಿಯುಳ್ಳವನು ತನ್ನ ಉಳಿತಾಯದ ಒಂದು ಭಾಗವನ್ನಾದರೂ ಕಾವೇರಿಯ ನೀರನ್ನು ಕುಡಿಯದ ಆಸ್ತಿಯಲ್ಲಿ ಇಡಬೇಕೆಂದು ನಾವು ಹೇಳುವುದು. ಇಡೀ ದೇಶದ ಕಂಪೆನಿಗಳನ್ನು ಒಳಗೊಂಡ ಸೂಚಿ ನಿಧಿಯೊಂದು ಅವನಿಗೆ, ಬೆಂಗಳೂರಿನ ಸಾಫ್ಟ್‌ವೇರ್ ನೌಕರನಿಗಿಂತಲೂ ಹೆಚ್ಚಿನ ಉಪಕಾರವನ್ನು ಮಾಡೀತು. ಸಕ್ಕರೆಯ ಕಂಪೆನಿಯ ಷೇರು ಮಾತ್ರ ಅವನಿಗೆ ಸಲ್ಲದು.

ಇನ್ನು ಕಾರ್ಯಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮೊದಲು ಹೆಚ್ಚು ಬಡ್ಡಿಯ ಸಾಲಗಳನ್ನು ತೀರಿಸಬೇಕು. ಆರು ತಿಂಗಳ ಮನೆವಾರ್ತೆಗೆ ಸಾಲುವಷ್ಟು ಹಣವನ್ನು ಠೇವಣಿಯಲ್ಲಿ ಬೇರೆ ತೆಗೆದಿಡಬೇಕು. ಐದಾರು ವರ್ಷಗಳೊಳಗೆ ಮಗಳ ಓದಿಗೋ ಮದುವೆಗೋ ಬೇಕಾಗುವ ಹಣವನ್ನು ಷೇರಿನಲ್ಲಿ ಹಾಕಬಾರದು. ಅನಂತರ ಒಂದು ಕಾಗದದ ಎಡಗಡೆಯಲ್ಲಿ ಮನೆಯ ಎಲ್ಲ ವರಮಾನಗಳನ್ನೂ ಆಸ್ತಿಗಳನ್ನೂ ಬರೆದು, ಪ್ರತಿಯೊಂದರ ಎದುರಿಗೂ 'ಇದು ಯಾವುದರಿಂದ ಕೆಡುವುದು?' ಎಂಬ ಪ್ರಶ್ನೆಗೆ ಉತ್ತರವನ್ನು ಬರೆಯಬೇಕು. ಒಂದೇ ಉತ್ತರವು ಮೂರು ಸಲ ಬಂದರೆ ಅಲ್ಲಿ ಅಪಾಯವಿದೆ. ಷೇರುಗಳಿದ್ದವರು ತಿಂಗಳ ಬದಲಾವಣೆಗಳನ್ನು ಬರೆದು ಲೆಕ್ಕ ಹಾಕಲಿ. ಎಕ್ಸೆಲ್ ಮೊದಲಾದ ಲೆಕ್ಕದ ಹಾಳೆಗಳಲ್ಲಿ ಕೋರೆಲ್ ಎಂಬ ಸೂತ್ರವು ಈ ಕೆಲಸವನ್ನು ಕ್ಷಣದಲ್ಲಿ ಮಾಡುತ್ತದೆ. ನಮ್ಮ ಅಭಿಪ್ರಾಯದಲ್ಲಿ 0.7ಕ್ಕಿಂತ ಹೆಚ್ಚು ಬಂದ ಎರಡನ್ನು ಒಂದೆಂದೇ ಎಣಿಸತಕ್ಕದ್ದು. ವರ್ಷಕ್ಕೊಮ್ಮೆ, ಯುಗಾದಿಯ ಹೊತ್ತಿಗೆ, ಏರಿ ದಪ್ಪನಾದುದರಿಂದ ಸ್ವಲ್ಪ ತೆಗೆದು ಸೊರಗಿದುದಕ್ಕೆ ಹಾಕಿ ಮೊದಲಿನ ಪ್ರಮಾಣಕ್ಕೆ ತಂದುಕೊಳ್ಳಬೇಕು.

ಆ ಕಾಗದವನ್ನು ಗಂಡಸರು ತಮ್ಮ ಪೆಟ್ಟಿಗೆಯಲ್ಲಿ ಬಚ್ಚಿಡಬಾರದು. ಮನೆಯೊಡತಿಗೂ ಬೆಳೆದ ಮಕ್ಕಳಿಗೂ ಅದನ್ನು ಓದಿ ಹೇಳಬೇಕು. ಪ್ರತಿಯೊಂದು ಖಾತೆಗೂ ನಾಮನಿರ್ದೇಶನ ಮಾಡಿರಬೇಕು. ಸಂಸಾರದ ಎಲ್ಲ ಆಸ್ತಿಗಳೂ ಒಬ್ಬನ ನೆನಪೊಂದಕ್ಕೇ ಕಟ್ಟಿದ್ದರೆ, ಅದೂ ಒಂದೇ ಹಗ್ಗವೇ.

ಮಾರ್ಕೊವಿಟ್ಜರು ತಮ್ಮ ನಿವೃತ್ತಿಯ ಹಣವನ್ನು ತಾವೇ ಕಂಡುಹಿಡಿದ ಕಠಿಣ ಸೂತ್ರದಂತೆ ಹಂಚದೆ, ಷೇರಿಗೆ ಅರ್ಧ, ಸಾಲಪತ್ರಗಳಿಗೆ ಅರ್ಧ ಹಾಕಿದ್ದುದಾಗಿ ಹೇಳಿಕೊಂಡಿದ್ದರು. ಪೇಟೆ ಏರಿದಾಗ ತಾನು ಒಳಗಿರಲಿಲ್ಲವೆಂಬ ವ್ಯಥೆಯಾಗಲಿ, ಇಳಿದಾಗ ಎಲ್ಲವೂ ಒಳಗಿತ್ತೆಂಬ ವ್ಯಥೆಯಾಗಲಿ ಬಾರದಿರಲೆಂಬುದು ಅವರ ಉದ್ದೇಶವಾಗಿತ್ತು. ಇದರಲ್ಲಿ ಗೃಹಸ್ಥನಿಗೆ ಸಮಾಧಾನವಿದೆ. ಲೆಕ್ಕವು ದಶಾಂಶದವರೆಗೆ ಸರಿಯಾಗಬೇಕಾಗಿಲ್ಲ. ಕೆಟ್ಟ ವರ್ಷವೊಂದು ಬಂದಾಗ ಮಕ್ಕಳನ್ನು ಶಾಲೆಯಿಂದ ಬಿಡಿಸದೆ, ಗದ್ದೆಯನ್ನು ಅರ್ಧ ಬೆಲೆಗೆ ಮಾರದೆ, ರಾತ್ರಿ ನಿದ್ರೆಗೆಡದೆ ಆ ವರ್ಷವನ್ನು ದಾಟುವಂತಾದರೆ ಸಾಕು; ಕ್ಷೇಮವೆಂದರೆ ಅದೇ. ಮಳೆಯಾಗಲಿ ಪೇಟೆಯಾಗಲಿ ನಮ್ಮ ಕೈಯಲ್ಲಿಲ್ಲ. ಸಾಲುಗಳನ್ನು ಹೇಗೆ ಬಿತ್ತಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿದೆ.